ನನ್ನ ಚಪ್ಪಲಿಯಲ್ಲಿ ಬಂದ ನೆಗ್ಗಿಲು

ನೆಗ್ಗಿಲಿನ ಮೂಟೆಯೊಳಗೆ ಬರಿಗೈ ಹಾಕಬೇಡಿ. ಉಳಿದ ಬುದ್ಧಿಮಾತನ್ನು ಆಮೇಲೆ ಕೇಳಿದರೂ ನಡೆಯುತ್ತದೆ, ಇದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಕೈ ಹಾಕಿ, ಐದೂ ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡು, "ಯವ್ವಾ, ಸತ್ತೆ!" ಎಂದು ಗೋದಾಮಿನ ಪಾರಿವಾಳಗಳೆಲ್ಲ ಹಾರಿಹೋಗುವಂತೆ ಕೂಗಿದ್ದೆ.

ಮುಂಬಯಿ ಹತ್ತಿರದ ಶಹಾಡ್ ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ಸಿಗುವ ಒಂದು ಆಯುರ್ವೇದ ಔಷಧಿ ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಬೇರು, ತೊಗಟೆ, ಕಾಯಿ, ಬೀಜಗಳ ಮೂಟೆಗಳು ಬಂದು ಬೀಳುವ ಗೋದಾಮಿನಲ್ಲಿ ಅವನ್ನು ಹಸನು ಮಾಡುವುದು ನಮ್ಮ ಕೆಲಸ. ಕಲ್ಲು, ಕಡ್ಡಿ, ಹುಳ, ಬೇರೆ ಜಾತಿಯ ಕಾಯಿ ಎಲ್ಲವನ್ನೂ ಆರಿಸಿ ತೆಗೆದು, ಸರಿಯಾದ ಮಾಲು ಮಾತ್ರ ಮುಂದೆ ಕಳಿಸಬೇಕು. ಮೊನ್ನೆ ಅದೇ ಮೇಜಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದು, "ಮಾವಶಿ, ಕಾಮ್ ಕೈಸಾ ಹೈ, ಬತಾವೊ ನಾ" ಎಂದು ಕೇಳಿದರು. ಚಿಕ್ಕಮ್ಮಾ, ಕೆಲಸ ಹೇಗಿದೆ ಹೇಳು ಎಂದು. ಇಬ್ಬರೂ ನಮ್ಮ ಕಡೆಯವರ ಮಕ್ಕಳೇ. ಕನ್ನಡದಲ್ಲಿ ಕೇಳಿಸಿಕೊಳ್ಳುತ್ತಾರೆ, ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಬಾಯಲ್ಲಿ ಹೇಳಿದರೆ ಅರ್ಧಕ್ಕೇ ಮೊಬೈಲ್ ನೋಡುತ್ತಾರೆ ಎಂದು ಬರೆದೇ ಕೊಡುತ್ತಿದ್ದೇನೆ. ಅವರಮ್ಮಂದಿರು ಓದಿ ಹೇಳಲಿ.

ನಾನು ವಿಜಯಪುರದ ಕಡೆಯವಳು, ಹೆಸರು ಗಂಗವ್ವ. ಹತ್ತನೇ ಇಯತ್ತೆಯಲ್ಲಿ ಗಣಿತ ಕೈಕೊಟ್ಟಿತು, ಮದುವೆಯಾಯಿತು, ಗಂಡನ ಜೊತೆ ಇತ್ತ ಬಂದೆ. ಮನೆ ಡೊಂಬಿವಲಿಯಲ್ಲಿ, ಕೆಲಸ ಶಹಾಡಿನಲ್ಲಿ. ಬೆಳಿಗ್ಗೆ ಊರೆಲ್ಲ ಮುಂಬಯಿ ಕಡೆಯ ಗಾಡಿಗೆ ನೇತಾಡುವಾಗ ನಾನು ಉಲ್ಟಾ ದಿಕ್ಕಿನ ಗಾಡಿಯಲ್ಲಿ ಕಿಟಕಿ ಪಕ್ಕ ಕೂತು ಹೋಗುತ್ತಿದ್ದೆ. ನೌಕರಿಯಲ್ಲಿ ನನಗಿದ್ದ ದೊಡ್ಡ ಸುಖ ಅದೇ ಎಂದು ಈಗಲೂ ಹೇಳುತ್ತೇನೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಗೋದಾಮಿನ ಮುಖ್ಯಸ್ಥರಾಗಿದ್ದ ಜೋಶಿ ಕಾಕಾ. ಬಿಳಿ ಅಂಗಿ, ಕಿವಿಯಲ್ಲಿ ಕೂದಲು, ಯಾವಾಗಲೂ ಬಾಯಲ್ಲಿ ಒಂದು ತುಂಡು ಜ್ಯೇಷ್ಠಮಧು. ಅರ್ಜಿ ಗಿರ್ಜಿ ನೋಡುವ ಮನುಷ್ಯ ಅಲ್ಲ. ಮೇಜಿನ ಮೇಲೆ ಹತ್ತು ಹಿಡಿ ಮಾಲು ಸುರಿದು, "ಹೆಸರು ಹೇಳು" ಎಂದರು. ನನಗೆ ಮರಾಠಿ ಆಗ ಅಷ್ಟಕ್ಕಷ್ಟೆ. ಅಳಲೆಕಾಯಿಗೆ ಅವರು ಹಿರಡಾ ಅನ್ನುತ್ತಾರೆ ಎಂದು ನನಗೇನು ಗೊತ್ತು? ಆಗ ಅವರು ಕೇಳಿದ ಮಾತನ್ನು ಆಮೇಲೆ ಹೊಸದಾಗಿ ಬಂದ ಎಲ್ಲರಿಗೂ ಕೇಳುವುದನ್ನು ನೋಡಿದೆ. "ತುಮ್ಚ್ಯಾ ಗಾವಾತ್ ಕಾಯ್ ಮ್ಹಣತಾತ್?" ನಿಮ್ಮ ಊರಲ್ಲಿ ಇದಕ್ಕೆ ಏನನ್ನುತ್ತಾರೆ?

ಅಷ್ಟು ಕೇಳಿದ್ದೇ ತಡ, ಅಳಲೆಕಾಯಿ, ತಾರೆಕಾಯಿ, ಅಶ್ವಗಂಧಕ್ಕೆ ಹಿರೇಮದ್ದು ಎಂದು ಒಂದೊಂದೇ ಹೇಳಿದೆ. ಕೊನೆಯ ಹಿಡಿ ನೋಡಿ ನಗುವೇ ಬಂತು. ನೆಗ್ಗಿಲು! ಸಣ್ಣವಳಿದ್ದಾಗ ಹೊಲದ ದಾರಿಯಲ್ಲಿ ನನ್ನ ಹಿಮ್ಮಡಿಯಿಂದ ಅವ್ವ ಅದೆಷ್ಟು ಸಲ ಅದನ್ನು ಕಿತ್ತಿದ್ದಳೋ. ಕಾಕಾ ಒಂದು ದಪ್ಪ ವಹಿ ತೆಗೆದರು. ಅದರಲ್ಲಿ ಒಂದೊಂದು ಮೂಲಿಕೆಗೆ ಒಂದೊಂದು ಪುಟ. ಈ ಕಾಯಿಯ ಪುಟದಲ್ಲಿ ಸರಾಟೆ ಎಂದು ಮರಾಠಿ ಹೆಸರು, ಗೋಖರು ಎಂದು ಹಿಂದಿ ಹೆಸರು ಮೊದಲೇ ಇದ್ದವು. ಅದರ ಕೆಳಗೆ ನಾನು ಹೇಳಿದ್ದನ್ನು ದೇವನಾಗರಿಯಲ್ಲಿ ಬರೆದುಕೊಂಡರು. ಆಮೇಲೆ ಪೆನ್ನು ಎತ್ತಿ ನನ್ನ ಕಡೆ ತೋರಿಸಿ ಹೇಳಿದರು: "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಯಾರೂ ಬೈಯುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲ ಅಂದರೆ ಅವತ್ತೇ ಮನೆಗೆ ಹೋಗು." ನಾನು ಹೂಂ ಎಂದು ತಲೆಯಾಡಿಸಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನೆಗ್ಗಿಲು ಎಂದರೆ ಏನೆಂದು ಕೇಳುವ ಡೊಂಬಿವಲಿಯ ಮಕ್ಕಳಿಗಾಗಿ ಎರಡು ಮಾತು. ಅದು ನೆಲ ಬಿಟ್ಟು ಮೇಲೇಳದ ಗಿಡ. ಒಂದು ಬೇರಿನಿಂದ ನಾಲ್ಕು ದಿಕ್ಕಿಗೂ ಹರಡಿಕೊಂಡು ಮಲಗಿರುತ್ತದೆ. ಎಲೆ ಹುಣಸೆಯ ಎಲೆಯ ಹಾಗೆ. ಹೂವು ಅಂಗಿಯ ಗುಂಡಿಯಷ್ಟು, ಹಳದಿ, ಐದು ಎಸಳು. ಬೆಳಿಗ್ಗೆ ಬಿಸಿಲಿಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚಿಕೊಳ್ಳುತ್ತದೆ. ಹೂವು ನೋಡಿ ಪಾಪ ಅನ್ನಿಸಿದರೆ ಮೋಸ ಹೋದಿರಿ, ಆಮೇಲೆ ಬರುವುದೇ ಆ ಕಾಯಿ. ಒಣಗಿದರೆ ಐದು ಹೋಳಾಗಿ ಒಡೆಯುತ್ತದೆ, ಒಂದೊಂದು ಹೋಳಿಗೂ ಮುಳ್ಳು, ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಿರುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಬೇಕಾದಷ್ಟು. ಕಾರ್ಖಾನೆಗೆ ಬರುತ್ತಿದ್ದುದು ರಾಜಸ್ಥಾನದ ಮರಳುಗಾಡಿನಿಂದ. ಮೂತ್ರದ ಕಲ್ಲಿಗೆ, ಉರಿಗೆ ಕೊಡುವ ನಮ್ಮ ದೊಡ್ಡ ಕಷಾಯಕ್ಕೆ ಅದೇ ಮುಖ್ಯ. ಅದಿಲ್ಲದಿದ್ದರೆ ಅರ್ಧ ಕಾರ್ಖಾನೆ ಮುಚ್ಚಿದ ಹಾಗೆ.

ಸೇರಿದ ಎರಡನೇ ವರ್ಷ ನಾನೊಂದು ದೊಡ್ಡ ಎಡವಟ್ಟು ಮಾಡಿದೆ. ಅವತ್ತು ಕೆಲಸ ಬೇಗ ಮುಗಿಸಿ ಕಲ್ಯಾಣದಲ್ಲಿ ಸೀರೆ ನೋಡಲು ಹೋಗುವ ಅವಸರ. ಒಂದು ಮೂಟೆಯ ಬಾಯಿ ಬಿಚ್ಚಿ, ಮೇಲಿನ ಎರಡು ಹಿಡಿ ನೋಡಿ "ಚೊಲೋ ಐತಿ" ಎಂದು ಮುಂದೆ ಕಳಿಸಿಬಿಟ್ಟೆ. ಮೇಲೆ ನೆಗ್ಗಿಲೇ ಇತ್ತು. ಕೆಳಗೆಲ್ಲ ಆನೆನೆಗ್ಗಿಲು, ಅಂದರೆ ಅದರ ದೊಡ್ಡಪ್ಪನ ಹಾಗಿರುವ ಬೇರೆಯೇ ಗಿಡದ ಕಾಯಿ. ಮರುದಿನ ನೆನೆಹಾಕಿದ ಕೊಪ್ಪರಿಗೆಯ ನೀರು ಕೋಳಿಮೊಟ್ಟೆಯ ಬಿಳಿಯ ಹಾಗೆ ಲೋಳೆಯಾಗಿ ಕೂತಿತು. ಸೌಟು ಎತ್ತಿದರೆ ನೀರು ಬೀಳದೆ ನೇತಾಡುತ್ತಿತ್ತು. ಕಾಕಾ ಬೈಯಲಿಲ್ಲ. ಕೊಪ್ಪರಿಗೆಯ ಹತ್ತಿರ ಕರೆದು, "ಕೈ ಅದ್ದು" ಎಂದರು. ಮೊಣಕೈವರೆಗೆ ಅದ್ದಿಸಿದರು. "ಈಗ ಕೈಗೆ ಗೊತ್ತಾಯಿತಲ್ಲ, ಇನ್ನು ತಲೆಗೆ ಬೇರೆ ಹೇಳಬೇಕಾಗಿಲ್ಲ" ಎಂದು ಹೋದರು. ಅವತ್ತಿನಿಂದ ಯಾವ ಮೂಟೆಯೇ ಇರಲಿ, ಮೇಲೆ ಒಂದು ಹಿಡಿ, ನಡುವೆ ಒಂದು ಹಿಡಿ, ತಳದಲ್ಲಿ ಒಂದು ಹಿಡಿ ತೆಗೆಯದೆ ನಾನು ಬಿಟ್ಟವಳಲ್ಲ. ನವಿ ಮುಂಬಯಿಯ ವಾಶಿ ಮಾರುಕಟ್ಟೆಗೆ ಕಾಕಾ ನನ್ನನ್ನು ಕರೆದುಕೊಂಡು ಹೋಗುತ್ತಿದ್ದುದೂ ಇದಕ್ಕೇ. ವ್ಯಾಪಾರಿ ಚಹಾ ತರಿಸಿ ಕಾಕಾರನ್ನು ಮಾತಿಗೆ ಎಳೆಯುವಷ್ಟರಲ್ಲಿ ನಾನು ಮೂಟೆಯ ತಳಕ್ಕೆ ಕೈ ಇಳಿಸಿರುತ್ತಿದ್ದೆ. ಒಬ್ಬ ವ್ಯಾಪಾರಿಯಂತೂ ನನ್ನನ್ನು ದೂರದಿಂದ ಕಂಡರೇ, "ಆಲೀ ಬಘಾ, ಹಾತವಾಲೀ ಆಲೀ" ಎನ್ನುತ್ತಿದ್ದ. ಕೈಯವಳು ಬಂದಳು ಎಂದು.

ಕಾಕಾ ನಿವೃತ್ತರಾಗಿ ಎಷ್ಟೋ ವರ್ಷಗಳ ಮೇಲೆ ಬಂದವರು ಪ್ರಾಚಿ ಮೇಡಂ. ಠಾಣೆಯ ವರ್ತಕ ನಗರದ ಹುಡುಗಿ, ಗುಣಮಟ್ಟ ನೋಡುವ ವಿಭಾಗಕ್ಕೆ ಮುಖ್ಯಸ್ಥೆ, ನನ್ನ ಮಗಳ ವಯಸ್ಸು. ಬಂದ ವಾರದಲ್ಲೇ ನಮಗೆಲ್ಲ ಕೈಗವಸು, ತಲೆಗೆ ಟೋಪಿ, ಮೂಗಿಗೆ ಮುಸುಕು ಬಂತು. ಮೂಗು ಮುಚ್ಚಿಕೊಂಡು ವಾಸನೆ ಹೇಗೆ ನೋಡುವುದು ಎಂದು ನಾನು ಜಗಳಕ್ಕೇ ನಿಂತೆ. "ಮಾವಶಿ, ನಿಮ್ಮ ಮೂಗನ್ನು ಕಾಗದದ ಮೇಲೆ ಬರೆಯಲು ಆಗುವುದಿಲ್ಲ" ಎಂದರು ಮೇಡಂ. ಸೊಕ್ಕಿನ ಹುಡುಗಿ ಎಂದುಕೊಂಡೆ. ಒಂದು ತಿಂಗಳಾಗಿರಲಿಲ್ಲ, ನನಗೆ ನೆಗಡಿ ಹಿಡಿದಿತ್ತು, ಒಂದು ಮೂಟೆ ಹಿರೇಮದ್ದಿನ ಬೇರನ್ನು ಒಣಗಿದೆ ಎಂದು ಪಾಸು ಮಾಡಿದೆ. ಮೇಡಂ ತಂದ ತೇವದ ಯಂತ್ರ ಕೀ ಕೀ ಎಂದು ಕೂಗಿತು. ಮೂಟೆ ಸುರಿದು ನೋಡಿದರೆ ನಡುವೆ ಬೂಷ್ಟು. ಗೋದಾಮಿನ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಮೇಡಂ ಮಾತ್ರ ಒಂದು ಶುಂಠಿ ಕಷಾಯ ತರಿಸಿ ಕೊಟ್ಟರು. ಅವತ್ತಿನಿಂದ ನನಗೂ ಆಕೆಗೂ ಜಗಳ ಮುಂದುವರಿಯಿತು, ಆದರೆ ಪ್ರೀತಿಯಿಂದ ಮುಂದುವರಿಯಿತು.

ಈಗ ನನ್ನ ಕಳ್ಳತನದ ಕಥೆಗೆ ಬರುತ್ತೇನೆ.

ಗೋದಾಮಿನೊಳಗೆ ನಾವು ಹಾಕುತ್ತಿದ್ದುದು ರಬ್ಬರ್ ಚಪ್ಪಲಿ. ಹೊರಗೆ ಹೋಗುವಾಗ ಬದಲಾಯಿಸಬೇಕು ಎಂದು ನಿಯಮ ಇತ್ತು. ಐದೂವರೆಯ ಗಾಡಿ ತಪ್ಪುತ್ತದೆ ಎಂದು ನಾನು ಅದೇ ಚಪ್ಪಲಿಯಲ್ಲಿ ಓಡುತ್ತಿದ್ದೆ. ನೆಗ್ಗಿಲಿನ ಹೋಳುಗಳು ಅದರ ಅಟ್ಟೆಗೆ ನೆಟ್ಟುಕೊಂಡು ನನ್ನ ಜೊತೆಗೇ ಪ್ರಯಾಣ ಮಾಡುತ್ತಿದ್ದವು. ಮನೆ ಮುಟ್ಟಿದ ಮೇಲೆ ನಾವಿರುವ ವಸತಿ ಸೊಸೈಟಿಯ ಸ್ಕೂಟರ್ ಪಾರ್ಕಿಂಗ್ ಹತ್ತಿರ, ರಿಪೇರಿಯವರು ಬಿಟ್ಟುಹೋಗಿದ್ದ ಮರಳಿನ ರಾಶಿಯ ಮೇಲೆ, ಚಪ್ಪಲಿ ಕಳಚಿ ಪಟಪಟನೆ ಬಡಿದು ಮುಳ್ಳು ಉದುರಿಸಿ ಮೇಲೆ ಹೋಗುತ್ತಿದ್ದೆ. ಮನೆಗೆ ಮುಳ್ಳು ತರಬಾರದಲ್ಲ, ಅಷ್ಟು ಅಚ್ಚುಕಟ್ಟು ನಾನು! ಕೊಂಕಣದ ಈ ಮಳೆಗೆ ಮರಳುಗಾಡಿನ ಬೀಜ ಕೊಳೆತು ಹೋಗುತ್ತದೆ ಎಂದು ನನ್ನ ಲೆಕ್ಕ. ಮಳೆ ನಿಂತು ಬಿಸಿಲು ಬಿದ್ದ ಮೇಲೆ ನೋಡಿದರೆ ಮರಳಿನ ತುಂಬ ಹುಣಸೆ ಎಲೆಯಂಥ ಎಲೆ.

ಅದಾದ ಮೇಲೆ ಸೊಸೈಟಿಯ ಸ್ಕೂಟರುಗಳು ಒಂದರ ಹಿಂದೊಂದು ಪಂಕ್ಚರ್ ಆಗತೊಡಗಿದವು. ಹೆಚ್ಚು ಪಂಕ್ಚರ್ ಆದದ್ದು ನಮ್ಮ ಸೆಕ್ರೆಟರಿ ಭೋಜ ಶೆಟ್ಟರದ್ದು. ಉಡುಪಿ ಕಡೆಯವರು, ಕಲ್ಯಾಣದಲ್ಲಿ ಬಹಳ ಕಾಲ ಹೋಟೆಲ್ ನಡೆಸಿ ಮಗನ ಕೈಗೆ ಕೊಟ್ಟು ಕೂತವರು. ಕೈಯಲ್ಲಿ ಕೆಲಸ ಇಲ್ಲದ್ದರಿಂದ ಸೊಸೈಟಿಯನ್ನೇ ಹೋಟೆಲಿನ ಹಾಗೆ ನಡೆಸುತ್ತಿದ್ದರು. ಟೈರಿನಿಂದ ಕಿತ್ತ ಮುಳ್ಳಿನ ಫೋಟೋ ಸೊಸೈಟಿಯ ಮೊಬೈಲ್ ಗ್ರೂಪಿನಲ್ಲಿ ಬಂತು. "ಇದು ಯಾರೋ ಬೇಕಂತಲೇ ಮಾಡುವ ಕೆಲಸ" ಎಂದು ಬರೆದು, ಪತ್ತೆ ಹಚ್ಚಲು ಮೂವರ ಸಮಿತಿ ಮಾಡಿದರು. ಆ ಮೂವರಲ್ಲಿ ನಾನೂ ಒಬ್ಬಳು.

ಒಂದು ಸಂಜೆ ಆ ಮುಳ್ಳನ್ನು ಅಂಗೈ ಮೇಲೆ ಇಟ್ಟುಕೊಂಡು ನಮ್ಮ ಬಾಗಿಲಿಗೇ ಬಂದರು. "ಗಂಗಕ್ಕ, ನಿಮಗೆ ಬೇರು ನಾರು ಎಲ್ಲ ಗೊತ್ತುಂಟಲ್ಲ. ಇದು ಎಂತದು ಹೇಳಿ ಮಾರಾಯ್ರೆ."

ನಾನು ಅದನ್ನು ಬೆಳಕಿಗೆ ಹಿಡಿದೆ. ತಿರುಗಿಸಿದೆ, ಮೂಸಿದೆ ಕೂಡ. ಆಮೇಲೆ ಹೇಳಿದೆ: "ಗೊತ್ತಿಲ್ರೀ ಶೆಟ್ರ. ಇಂಥಾದ್ದು ನಾ ಎಲ್ಲೂ ನೋಡಿಲ್ಲ."

ಒಳಗೆ ಕೂತಿದ್ದ ನಮ್ಮ ಮನೆಯವರಿಗೆ ಕೆಮ್ಮು ಬಂತು. ಶೆಟ್ಟರು ಹೋದ ಮೇಲೆ, "ನಿನ್ನ ಕಾಕಾ ಇದ್ದಿದ್ರ ಇವತ್ತ ನಿನ್ನ ಮನಿಗಿ ಕಳಸ್ತಿದ್ರು" ಎಂದರು. "ಮನ್ಯಾಗೇ ಅದೀನಿ, ಸುಮ್ನ ಕೂಡ್ರಿ" ಎಂದು ಗದರಿದೆ. ನಾಚಿಕೆಯಾಗಿತ್ತು, ಅದಕ್ಕೇ ಗದರಿದ್ದು. ಮರುದಿನದಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಯಾರೂ ಇಲ್ಲದ್ದು ನೋಡಿ, ಕಂಡ ಗಿಡವನ್ನೆಲ್ಲ ಕಿತ್ತು ಚೀಲಕ್ಕೆ ಹಾಕಿ ಕಸದ ಗಾಡಿಗೆ ಕೊಡುತ್ತಿದ್ದೆ. ಹೀಗೆ ಎರಡು ವರ್ಷ ನಡೆಸಿದೆ.

ನನ್ನ ನಿವೃತ್ತಿಗೆ ಇನ್ನು ಎರಡೇ ತಿಂಗಳು ಇದ್ದಾಗ ಗೋದಾಮಿಗೆ ಒಂದು ಸುದ್ದಿ ಬಂತು. ನಮ್ಮ ಕಷಾಯ ಕೊಳ್ಳುವ ದೊಡ್ಡ ಗಿರಾಕಿಯ ಕಡೆಯಿಂದ ಒಬ್ಬ ಸಾಹೇಬರು ಪರಿಶೀಲನೆಗೆ ಬರುತ್ತಾರೆ. ಬಳಸುವ ಪ್ರತಿಯೊಂದು ಮೂಲಿಕೆಯ ಪೂರ್ತಿ ಗಿಡವನ್ನು, ಬೇರು, ಎಲೆ, ಹೂವು, ಕಾಯಿ ಸಮೇತ, ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿ ತೋರಿಸಬೇಕು. ಫೋಟೋ ನಡೆಯುವುದಿಲ್ಲ. ಮಾಲೀಕರು ಒಂದೇ ಮಾತು ಹೇಳಿದರಂತೆ: ಒಂದು ಹಾಳೆ ಕಡಿಮೆಯಾದರೂ ಈ ರಗಳೆಯೇ ಬೇಡ, ಹೊರಗಿನಿಂದ ತಯಾರಾದ ಪುಡಿಯನ್ನೇ ಕೊಳ್ಳೋಣ, ಹಸನು ಮಾಡುವ ಮೇಜನ್ನು ಮುಂದಿನ ತಿಂಗಳಿಂದ ಮುಚ್ಚೋಣ.

ಮೇಜು ಮುಚ್ಚಿದರೆ ನನಗೇನೂ ಆಗುತ್ತಿರಲಿಲ್ಲ, ನಾನು ಹೋಗುವವಳೇ. ಆದರೆ ಮೇಜಿನ ಸುತ್ತ ಇನ್ನೂ ಐದು ಜನ ಇದ್ದರು. ಅವರಲ್ಲಿ ಕಲಬುರಗಿಯ ಶರಣಮ್ಮ ನನ್ನ ಪಕ್ಕದಲ್ಲೇ ಕೂತು ಹದಿನಾಲ್ಕು ವರ್ಷ ಕೆಲಸ ಮಾಡಿದವಳು. ಓದು ಬರಹ ಇಲ್ಲ, ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ಅವಳು ಅವತ್ತು ಊಟದ ಡಬ್ಬಿ ತೆರೆಯಲೇ ಇಲ್ಲ. "ಅಕ್ಕಾ, ಈ ವಯಸ್ಸಿನ್ಯಾಗ ನನಗ ಮತ್ತ ಇಟ್ಟಂಗಿ ಹೊರಾಕ್ ಕಳಸ್ತಾರೇನು?" ಎಂದು ಕೇಳಿದಳು. ಬಿಲ್ಡಿಂಗ್ ಕೆಲಸದಲ್ಲಿ ಸೊಂಟ ಕೆಟ್ಟ ಮೇಲೇ ಅವಳು ನಮ್ಮಲ್ಲಿಗೆ ಬಂದಿದ್ದಳು.

ಪ್ರಾಚಿ ಮೇಡಂ ಹಗಲೆಲ್ಲ ಫೋನು ಹಿಡಿದು ಒಂದೊಂದೇ ಗಿಡ ತರಿಸಿದರು. ಎಲ್ಲ ಹಾಳೆಗಳೂ ತಯಾರಾದವು, ನೆಗ್ಗಿಲಿನದು ಒಂದು ಬಿಟ್ಟು. ರಾಜಸ್ಥಾನದ ವ್ಯಾಪಾರಿ ಕಳಿಸಿದ ಪಾರ್ಸೆಲ್ ಬಿಚ್ಚಿದರೆ ಹಸಿ ಗಿಡ ಪ್ಲಾಸ್ಟಿಕ್ಕಿನೊಳಗೆ ಬೆಂದು ಬೂಷ್ಟು ಹಿಡಿದು ಗೊಬ್ಬರವಾಗಿತ್ತು. ಕಾಲೇಜುಗಳಲ್ಲಿ ಕೇಳಿದರು, ಹದಿನೈದು ದಿನ ಕಾಯಿರಿ ಎಂದರು. ಸಾಹೇಬರು ಬರುವುದು ಸೋಮವಾರ. ಅವತ್ತು ಬುಧವಾರ. ಮೇಡಂ ಮೇಜಿನ ಮೇಲೆ ತಲೆಯಿಟ್ಟು, "ಮಾವಶಿ, ಮೂವತ್ತು ವರ್ಷದಿಂದ ಮೂಟೆಗಟ್ಟಲೆ ತರಿಸಿದ್ದೀವಿ, ಇದರ ಒಂದು ಹೂವು ಈ ಊರಲ್ಲಿ ಯಾರ ಹತ್ತಿರವೂ ಇಲ್ಲ" ಎಂದರು.

ಯಾರ ಹತ್ತಿರವೂ ಇಲ್ಲವೇನು? ಅವತ್ತು ಬೆಳಿಗ್ಗೆಯೇ ಮೂರು ಗಿಡ, ಹೂವು ಕಾಯಿ ಸಮೇತ, ನನ್ನ ಕೈಯಾರೆ ಕಿತ್ತು ಕಸದ ಗಾಡಿಗೆ ಹಾಕಿ ಬಂದಿದ್ದೆ!

ಮರುದಿನ ಬೆಳಗಾಗುತ್ತಲೇ ಪಾರ್ಕಿಂಗಿಗೆ ಇಳಿದೆ. ಒಂದಾದರೂ ಉಳಿದಿರಲಿ ದೇವರೇ ಎಂದು ಸೆರಗು ಸಿಕ್ಕಿಸಿಕೊಂಡು ಸ್ಕೂಟರುಗಳ ನಡುವೆ ಮೊಣಕಾಲೂರಿ ಹುಡುಕಿದೆ. ಒಂದು ಎಲೆ ಇಲ್ಲ. ಕಿತ್ತವಳು ನಾನಲ್ಲವೇ, ಬೇರು ಸಮೇತ ಹಸನು ಮಾಡಿದ್ದೆ. ಹಿಂದಿನಿಂದ ಚಪ್ಪಾಳೆಯ ಸದ್ದಾಯಿತು.

"ಸಿಕ್ಕಿದ್ರಿ ಗಂಗಕ್ಕ!" ಶೆಟ್ಟರು ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದರು. "ದಿನಾ ಬೆಳಿಗ್ಗೆ ನೀವು ಇಲ್ಲಿ ಬಗ್ಗುದು ನಾನು ಮೇಲಿಂದ ನೋಡ್ತಾ ಇದ್ದೇನೆ. ಕೀಳ್ತೀರೋ ನೆಡ್ತೀರೋ, ಅದೊಂದು ಗೊತ್ತಾಗ್ಲಿಲ್ಲ ನನಗೆ."

ಎದ್ದು ನಿಂತೆ. ಸುಳ್ಳು ಹೇಳುವುದಕ್ಕೆ ಬಾಯಿ ತೆರೆದೆ, ಶರಣಮ್ಮನ ತೆರೆಯದ ಡಬ್ಬಿ ಕಣ್ಣ ಮುಂದೆ ಬಂತು. ಎಲ್ಲ ಹೇಳಿಬಿಟ್ಟೆ. "ಶೆಟ್ರ, ಅದರ ಹೆಸರು ನೆಗ್ಗಿಲು. ನೀವು ಕೇಳಿದ ದಿನಾನ ನನಗ ಗೊತ್ತಿತ್ರೀ. ನನ್ನ ಚಪ್ಪಲ್ಯಾಗ ಬಂದದ್ದು. ನಿಮ್ಮ ಗಾಡಿ ಪಂಕ್ಚರ್ ಮಾಡಿದಾಕಿ ನಾನಽ. ಈಗ ಅದರದೊಂದು ಗಿಡ ಸಿಗದಿದ್ರ ಐದು ಮಂದಿ ಹೆಣಮಕ್ಕಳ ಕೆಲಸ ಹೋಗ್ತೈತ್ರೀ."

ಶೆಟ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೈಗುಳಕ್ಕೆ ತಯಾರಾಗಿ ನಿಂತೆ. "ಬನ್ನಿ ಮೇಲೆ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು.

ಅವರ ಅಡುಗೆಮನೆಯ ಕಿಟಕಿಯಲ್ಲಿ, ಪೂರ್ವದ ಬಿಸಿಲು ಬೀಳುವ ಕಡೆ, ಒಡೆದ ಒಂದು ಪ್ಲಾಸ್ಟಿಕ್ ಬಕೆಟ್. ಬಕೆಟ್ಟಿನ ಅಂಚು ದಾಟಿ ನಾಲ್ಕೂ ಕಡೆ ಇಳಿಬಿದ್ದ ನೆಗ್ಗಿಲು! ಏಳೆಂಟು ಹಳದಿ ಹೂವು, ಹಸಿರು ಕಾಯಿ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಜನರಲ್ ಬಾಡಿ ಮೀಟಿಂಗಿಗೆ ಸಾಕ್ಷಿ ಬೇಕಲ್ಲ, ಅದಕ್ಕೆ ಕಿತ್ತು ತಂದಿಟ್ಟದ್ದು" ಎಂದರು ಶೆಟ್ಟರು. ಅವರ ಹೆಂಡತಿ ವಾರಿಜಕ್ಕ ದೋಸೆ ಮಗುಚುತ್ತಾ ಹೇಳಿದರು: "ಸಾಕ್ಷಿ ಅಂತ ಇವರು ತಂದು ಬಿಸಾಡಿದ್ದು, ನೀರು ಹಾಕಿದ್ದು ನಾನು. ಬೆಳಿಗ್ಗೆ ಎಷ್ಟು ಚಂದ ಅರಳ್ತದೆ, ಪಾಪ. ಹೆಸರು ಗೊತ್ತಿಲ್ಲದೆ ನಾನು ಅದಕ್ಕೆ ಪಂಕ್ಚರ್ ಹೂ ಅಂತಲೇ ಹೇಳುದು."

"ಕೊಟ್ರೆ ಭಾನುವಾರದ ಮೀಟಿಂಗಿಗೆ ನಾನು ಎಂತ ತೋರಿಸ್ಲಿ?" ಎಂದು ಶೆಟ್ಟರು ಬಕೆಟ್ ಹಿಡಿದುಕೊಂಡರು. ನಿಜವಾಗಿಯೂ ಹಿಡಿದುಕೊಂಡರು, ಎರಡೂ ಕೈಯಲ್ಲಿ.

"ಸಾಕ್ಷಿ ಯಾಕ ಬೇಕ್ರೀ, ಕಳ್ಳೀನಽ ಬಂದು ನಿಂದರ್ತಾಳ. ನಾ ಎಲ್ಲಾರ ಮುಂದ ಒಪ್ಕೋತೀನಿ" ಎಂದೆ.

ಅವರು ಬಕೆಟ್ ಬಿಟ್ಟರು. ಹೂವು ಮುಚ್ಚಿಕೊಳ್ಳುವ ಮೊದಲು ಅಲ್ಲೇ ಒತ್ತಬೇಕಿತ್ತು, ಗಾಡಿಯಲ್ಲಿ ಶಹಾಡಿಗೆ ಒಯ್ದರೆ ಬಾಡಿಹೋಗುತ್ತಿತ್ತು. ಎರಡು ಟೊಂಗೆಯ ಒಂದು ಚಿಕ್ಕ ಗಿಡವನ್ನು ಬೇರು ಸಮೇತ ಬಿಡಿಸಿದೆ. ಹಳೆಯ ಪೇಪರಿನ ನಡುವೆ ಎಲೆ ಎಲೆ ಹರಡಿ, ಹೂವನ್ನು ಮುಖ ಮೇಲಾಗಿ ಮಲಗಿಸಿದೆ. ಮೇಲೆ ಭಾರ ಬೇಕು ಎಂದೆ. ವಾರಿಜಕ್ಕ ಊರಿನಿಂದ ತಂದ ಅರೆಯುವ ಕಲ್ಲನ್ನು ತೋರಿಸಿದರು. ನಾನೂ ಶೆಟ್ಟರೂ ಏದುಸಿರು ಬಿಡುತ್ತಾ ಅದನ್ನು ಎತ್ತಿ ಪೇಪರಿನ ಮೇಲೆ ಕೂರಿಸಿದೆವು. ದಿನಾ ಪೇಪರ್ ಬದಲಾಯಿಸಲು ನಾನು ಹೋಗುತ್ತಿದ್ದೆ. ನಾಲ್ಕು ದಿನ ಆ ಮನೆಯಲ್ಲಿ ಚಟ್ನಿ ಮಿಕ್ಸಿಯಲ್ಲೇ ಆಯಿತು, ಶೆಟ್ಟರು ರುಚಿಯಿಲ್ಲ ಎಂದು ಗೊಣಗುತ್ತಲೇ ತಿಂದರು.

ಭಾನುವಾರದ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. ಮರಾಠಿಯಲ್ಲಿ, ಹಿಂದಿಯಲ್ಲಿ, ನಡುನಡುವೆ ಕನ್ನಡದಲ್ಲಿ ಎಲ್ಲ ಹೇಳಿದೆ. ಆಮೇಲೆ ಮೂರನೇ ಮಹಡಿಯವರು, "ಹುಡುಕುವ ಸಮಿತಿಯಲ್ಲಿ ಇವರೇ ಇದ್ದರಲ್ಲ!" ಎಂದರು. ಅಷ್ಟೇ, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಮನೆಯವರಂತೂ ಎಲ್ಲರಿಗಿಂತ ಜೋರಾಗಿ ನಕ್ಕರು, ಅದನ್ನು ನಾನಿನ್ನೂ ಮರೆತಿಲ್ಲ. ಪಾರ್ಕಿಂಗಿನ ಹುಲ್ಲು ಕೀಳುವ ಕೆಲಸ ಜೀವಮಾನವಿಡೀ ನನ್ನದು ಎಂದು ಶೆಟ್ಟರು ತೀರ್ಪು ಕೊಟ್ಟರು.

ಸೋಮವಾರ ಬೆಳಿಗ್ಗೆ ಗಿಡವನ್ನು ಎದೆಗೆ ಅವಚಿಕೊಂಡು ಗಾಡಿ ಹತ್ತಿದೆ. ಹೂವಿನ ಹಳದಿ ಸ್ವಲ್ಪವೂ ಮಾಸಿರಲಿಲ್ಲ. ಮೇಡಂ ನೋಡಿದ್ದೇ ನನ್ನನ್ನು ತಬ್ಬಿಕೊಂಡರು. ಹಾಳೆಗೆ ಅಂಟಿಸಿ, ಕೆಳಗೆ ಬರೆಯಬೇಕಾದದ್ದನ್ನು ಕೇಳತೊಡಗಿದರು. ಸಿಕ್ಕಿದ ಜಾಗ ಯಾವುದು? ನಾನು ಹೇಳಿದೆ. ಮೇಡಂ ಪೆನ್ನು ನಿಲ್ಲಿಸಿದರು. "ಮಾವಶಿ, ರಾಜಸ್ಥಾನ ಅಂತ ಬರೆದುಬಿಡೋಣ. ಯಾರು ಹೋಗಿ ನೋಡುತ್ತಾರೆ?"

ಐದು ಜನರ ಕೆಲಸದ ಪ್ರಶ್ನೆ, ಹೂಂ ಅನ್ನಬೇಕು ಅನ್ನಿಸಿತು. ಆದರೆ ಊರಿನ ಹೆಸರು ಸುಳ್ಳು ಹೇಳಿ ಬಂದ ಎಷ್ಟು ಮೂಟೆಗಳನ್ನು ನಾನು ಬಾಗಿಲಲ್ಲೇ ವಾಪಸು ಕಳಿಸಿದ್ದೆ! "ಬೇಡ ಮೇಡಂ, ಇದ್ದದ್ದನ್ನೇ ಬರೆಯಿರಿ" ಎಂದೆ. ಅವರು ಬರೆದರು: ಡೊಂಬಿವಲಿ, ವಸತಿ ಸೊಸೈಟಿಯ ಸ್ಕೂಟರ್ ನಿಲ್ಲಿಸುವ ಜಾಗ.

ಸಾಹೇಬರು ಗಂಭೀರ ಮನುಷ್ಯ. ಹಾಳೆಗಳನ್ನು ಒಂದೊಂದೇ ತಿರುವಿ, ನೆಗ್ಗಿಲಿನದಕ್ಕೆ ಬಂದು ನಿಂತರು. ಕನ್ನಡಕ ಏರಿಸಿ ಓದಿದರು. "ಇದು ಒಣ ಮರಳಿನ ಗಿಡ. ಡೊಂಬಿವಲಿಗೆ ಹೇಗೆ ಬಂತು?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಗ್ಗಿ, ಕಾಲಿನ ರಬ್ಬರ್ ಚಪ್ಪಲಿ ಕಳಚಿ, ತಿರುವಿ ಅವರ ಮುಂದೆ ಹಿಡಿದೆ. ಅಟ್ಟೆಯಲ್ಲಿ ಅವತ್ತಿನ ಮೂಟೆಯ ನಾಲ್ಕು ಹೋಳು ನೆಟ್ಟಿದ್ದವು. "ಹೀಗೆ ಬಂತು ಸಾಹೇಬ್" ಎಂದೆ. ಅವರು ಒಂದು ಹೋಳನ್ನು ಕಿತ್ತು, ಹಾಳೆಯ ಮೇಲಿನ ಕಾಯಿಯ ಪಕ್ಕ ಹಿಡಿದು, ಭೂತಗನ್ನಡಿಯಲ್ಲಿ ಎರಡನ್ನೂ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಬಾಯಿ ತುಂಬ ನಕ್ಕು ಸಹಿ ಹಾಕಿದರು. "ನಿಮ್ಮ ಗೋದಾಮಿನಲ್ಲಿ ಚಪ್ಪಲಿ ಬದಲಾಯಿಸುವ ನಿಯಮ ಸರಿಯಾಗಿ ನಡೆಯುತ್ತಿಲ್ಲ" ಎಂದು ಒಂದು ಷರಾ ಬರೆಯುವುದನ್ನೂ ಮರೆಯಲಿಲ್ಲ. ಹುಡುಗಿಯರೇ, ನೀವು ದಯವಿಟ್ಟು ಚಪ್ಪಲಿ ಬದಲಾಯಿಸಿ ಹೊರಡಿ.

ಮೇಜು ಉಳಿಯಿತು. ಐದು ಜನವೂ ಉಳಿದರು.

ಸಾಹೇಬರು ಹೋದ ಮೇಲೆ ಹಾಳೆಯಲ್ಲಿ ಒಂದು ಜಾಗ ಖಾಲಿ ಇರುವುದನ್ನು ಮೇಡಂ ತೋರಿಸಿದರು, ಆಡುಮಾತಿನ ಹೆಸರಿಗೆಂದು ಬಿಟ್ಟದ್ದು. ಮರಾಠಿ, ಹಿಂದಿ ಹೆಸರು ಬರೆದಾಗಿತ್ತು. "ನಿಮ್ಮ ಊರಲ್ಲಿ ಏನನ್ನುತ್ತಾರೆ?" ಎಂದು ಕೇಳಿದರು. ಕಾಕಾರ ಮಾತು! ಅದು ಆಕೆಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಪೆನ್ನು ನನ್ನ ಕೈಗೇ ಕೊಟ್ಟು, "ನಿಮ್ಮ ಅಕ್ಷರದಲ್ಲೇ ಬರೆಯಿರಿ" ಎಂದರು. ದಪ್ಪಗೆ ಬರೆದೆ.

ಶರಣಮ್ಮ ಮುಸುಕು ಕೆಳಗೆ ಸರಿಸಿ ಹಾಳೆಯ ಮೇಲೆ ಬಗ್ಗಿದಳು. ಆ ಒಂದು ಸಾಲಿನ ಕೆಳಗೆ ಬೆರಳಿಟ್ಟು, "ಅಕ್ಕಾ, ಇಲ್ಲಿ ಏನ್ ಬರ್ದದ?" ಎಂದು ಕೇಳಿದಳು.

"ನೆಗ್ಗಿಲು" ಎಂದೆ.

"ನಮ್ಮ ನೆಗ್ಗಿಲಾ?" ಎಂದಳು. ಕೈಗವಸು ತೆಗೆದಿಟ್ಟು, ಊಟದ ಡಬ್ಬಿ ತಂದು, ನನ್ನ ಪಕ್ಕ ಕೂತು ಬಿಚ್ಚಿದಳು.